ಚಳಿಗಾಲದ ಬೆಟ್ಟಕ್ಕೆ ಹೊರಟ ಮಕ್ಕಳಿಗೆ



ಡಿಸೆಂಬರ್ ಕೊನೆಯ ವಾರಕ್ಕೆ ರಜೆ ಹಾಕಿ ನಿಮ್ಮಲ್ಲಿ ಕೆಲವರು ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಿದ್ದೀರಿ ಎಂದು ತಿಳಿಯಿತು. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ಪಾಳಿ ಮಾಡುವವರು, ಬೆಂಗಳೂರಿಗೆ ಬೆಳಗಿನ ರೈಲು ಹಿಡಿಯುವವರು, ಶ್ರೀನಿವಾಸಪುರದ ಮಾವಿನ ತೋಟಗಳಿಂದ ಎಂಜಿನಿಯರಿಂಗ್ ಓದಲು ಹೋದವರು, ಎಲ್ಲರೂ ಒಂದೇ ವಾಟ್ಸಾಪ್ ಗುಂಪಿನಲ್ಲಿದ್ದೀರಂತೆ. ವಯಸ್ಸಾದವನು ಬಾಯಿ ತೆರೆದರೆ 'ಬೇಡ' ಎನ್ನುತ್ತಾನೆ ಎಂದು ನೀವು ಮೊದಲೇ ತೀರ್ಮಾನಿಸಿರಬಹುದು. ನಾನು ಹಾಗೆ ಹೇಳುವುದಿಲ್ಲ. ಹೋಗಿ ಬನ್ನಿ, ಹಿಮ ನೋಡಿ ಬನ್ನಿ. ಮುಳಬಾಗಿಲು ಕಡೆಯ ಶಾಲೆಗಳಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತನಾದವನು ನಾನು. ಗೋಡೆಯ ನಕ್ಷೆಗೆ ಕೋಲು ಮುಟ್ಟಿಸಿ 'ಇದು ಹಿಮಾಲಯ' ಎಂದು ಮುಗಿಸಿಬಿಟ್ಟ ಪಾಠವನ್ನು ನೀವು ಕಾಲಿನಲ್ಲಿ ನಡೆದು ಓದಲು ಹೊರಟಿದ್ದೀರಿ. ಮೇಷ್ಟ್ರಿಗೆ ಇದಕ್ಕಿಂತ ಸಂತೋಷ ಯಾವುದಿದೆ?

ಹೊರಡುವ ಮುಂಚೆ ಒಂದು ಮಾತು ಕೇಳಿಸಿಕೊಳ್ಳಿ. ನಮ್ಮ ಬೆಟ್ಟಗಳಲ್ಲಿ ಕಲಿತದ್ದನ್ನೆಲ್ಲ ಅಲ್ಲಿಗೆ ಹೊತ್ತುಕೊಂಡು ಹೋಗಿ. ನಮ್ಮ ಬೆಟ್ಟಗಳಿಂದ ಬಂದ ಧೈರ್ಯವನ್ನು ಮಾತ್ರ ಇಲ್ಲೇ ಇಳಿಸಿ ಹೋಗಿ. ನಮ್ಮ ಅಂತರಗಂಗೆ ಬೆಟ್ಟದ ಮೇಲೆ ಚಳಿಗಾಲದಲ್ಲಿ ಮಾಡಿದ ತಪ್ಪಿಗೆ ಎರಡು ದಿನದ ನೆಗಡಿ, ಜ್ವರ. ಅದೇ ತಪ್ಪನ್ನು ಹನ್ನೆರಡು ಸಾವಿರ ಅಡಿಯ ಮೇಲೆ ಮಾಡಿದರೆ ಬೆಳಗಾಗುವಷ್ಟರಲ್ಲಿ ಜೀವವೇ ಹೋದೀತು. ತಪ್ಪು ಒಂದೇ, ತೆರಬೇಕಾದ ದಂಡ ಬೇರೆ. ಮುಂದೆ ಹೇಳುವುದೆಲ್ಲ ಈ ಮಾತಿನ ವಿವರಣೆ ಅಷ್ಟೆ.

ಮೊದಲ ಪಾಠ ಮನೆಯ ಬೆಟ್ಟದಲ್ಲಿ

ಕೋಲಾರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಪಕ್ಕದ ಶತಶೃಂಗ ಬೆಟ್ಟಸಾಲಿನ ನೆತ್ತಿ ಸುಮಾರು 1,200 ಮೀಟರ್. ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ತಂಪಾಗುತ್ತದೆ ಎಂದು ತರಗತಿಯಲ್ಲಿ ಬರೆಸಿದ್ದು ನೆನಪಿರಬಹುದು. ಆ ಲೆಕ್ಕಕ್ಕೆ ಪಟ್ಟಣಕ್ಕೂ ಬೆಟ್ಟದ ನೆತ್ತಿಗೂ ಇರುವ ವ್ಯತ್ಯಾಸ ಎರಡು ಡಿಗ್ರಿ ಚಿಲ್ಲರೆ. ಆದರೂ ಕಲ್ಲು ಬಸವನ ಬಾಯಿಂದ ನೀರು ಬೀಳುವ ಅಂತರಗಂಗೆಯ ಕಲ್ಯಾಣಿಯ ಹತ್ತಿರ ಬರಿ ಅಂಗಿಯಲ್ಲಿ ಆರಾಮಾಗಿದ್ದವನು ಮೇಲೆ ತೇರಹಳ್ಳಿ ಕಡೆಯ ಬಯಲಿಗೆ ಬಂದು ನಿಂತರೆ ಹಲ್ಲು ಕಟಕಟಿಸುತ್ತದೆ. ಅದು ಗಾಳಿಯ ಕೆಲಸ. ಮೈಯನ್ನು ಸುತ್ತಿಕೊಂಡಿರುವ ಬೆಚ್ಚನೆಯ ಪದರವನ್ನು ಗಾಳಿ ಕ್ಷಣಕ್ಷಣವೂ ಕಿತ್ತುಕೊಂಡು ಹೋಗುತ್ತದೆ. ದೊಡ್ಡದೊಂದು ಗುಂಡಿನ ಮರೆಗೆ ನಾಲ್ಕು ಹೆಜ್ಜೆ ಸರಿದು ನೋಡಿ, ಚಳಿ ಅರ್ಧಕ್ಕರ್ಧ ಕಡಿಮೆ. ಥರ್ಮಾಮೀಟರು ಮಾತ್ರ ಎರಡು ಕಡೆಯೂ ಒಂದೇ ಅಂಕಿ ತೋರಿಸುತ್ತಿರುತ್ತದೆ. ಬೆಟ್ಟದಲ್ಲಿ ಮೊಬೈಲು ತೋರಿಸುವ ಡಿಗ್ರಿಯನ್ನು ನಂಬಿ ಬಟ್ಟೆ ಕಟ್ಟಿಕೊಳ್ಳಬಾರದು ಎನ್ನುವ ಮೊದಲ ಪಾಠ ಇಲ್ಲೇ, ಮನೆಯಿಂದ ಬೈಕು ದೂರದಲ್ಲೇ ಇದೆ.

ಎರಡನೆಯದು ಮಂಜು. ನಮ್ಮ ಸೀಮೆಯಲ್ಲಿ ಚಳಿಗಾಲದ ಮಂಜು ಎರಡು ಬಗೆ. ಗಾಳಿಯಿಲ್ಲದ, ಆಕಾಶ ತಿಳಿಯಾಗಿರುವ ರಾತ್ರಿ ನೆಲ ತನ್ನ ಕಾವನ್ನೆಲ್ಲ ಬಿಟ್ಟುಕೊಟ್ಟು ತಣ್ಣಗಾಗುತ್ತದೆ; ತಗ್ಗಿನಲ್ಲಿ, ಕೆರೆಯಂಗಳದಲ್ಲಿ ಮಂಜು ಕಟ್ಟುತ್ತದೆ. ಆವಣಿ ಬೆಟ್ಟದ ಮೇಲಿನ ಸೀತಮ್ಮನ ಗುಡಿಯಿಂದ ಬೆಳಗಿನ ಜಾವ ನೋಡಿದರೆ ಕೆಳಗೆ ಊರು, ಕೆರೆ, ತೋಪುಗಳೆಲ್ಲ ಬಿಳಿಯ ಹಾಸಿನಡಿ ಮುಳುಗಿರುತ್ತವೆ, ಮೇಲೆ ಮಾತ್ರ ನಿಚ್ಚಳ. ಈ ಮಂಜು ಬಿಸಿಲೇರಿದಂತೆ ಕರಗುತ್ತದೆ. ಒಂದೆರಡು ಗಂಟೆ ಕೂತು ಕಾದರೆ ಸಾಕು. ಇನ್ನೊಂದು ಮಂಜು ಮೂಡಣ ಗಾಳಿಯ ಜೊತೆ ಬರುತ್ತದೆ. ನಿಜವಾಗಿ ಅದು ಮೋಡವೇ. ಬಂದು ಬೆಟ್ಟದ ತಲೆಯ ಮೇಲೆ ಕೂತುಬಿಡುತ್ತದೆ. ಕೆಳಗೆ ಊರಿನಲ್ಲಿ ದಾರಿ ಕಾಣುತ್ತಿರುತ್ತದೆ, ಮೇಲೆ ಹತ್ತು ಮಾರು ಮುಂದಿನ ಬಂಡೆಯೂ ಕಾಣುವುದಿಲ್ಲ. ಇದು ಹತ್ತು ಗಂಟೆಗೂ ಕರಗದು, ಮಧ್ಯಾಹ್ನಕ್ಕೂ ಕರಗದು. ಮೊದಲನೆಯದಕ್ಕೆ ಕಾಯಬಹುದು, ಎರಡನೆಯದು ಬಂದರೆ ಬಂದ ದಾರಿಯಲ್ಲೇ ಇಳಿಯಬೇಕು. ಯಾವುದು ಯಾವುದೆಂದು ಗುರುತಿಸುವುದು ಹೇಗೆ? ಗಾಳಿ ನೋಡಿ. ನಿಶ್ಶಬ್ದವಾಗಿ ತಗ್ಗಿನಲ್ಲಿ ನಿಂತದ್ದು ಮೊದಲನೆಯದು. ಬೀಸುತ್ತ, ಸರಿಯುತ್ತ, ಮುಖಕ್ಕೆ ತೇವ ಹಚ್ಚುತ್ತ ಬರುವುದು ಎರಡನೆಯದು.

ಮೂರನೆಯದು, ತಣ್ಣನೆಯ ಗಾಳಿ ಭಾರ. ರಾತ್ರಿ ಅದು ಇಳಿಜಾರಿನಲ್ಲಿ ಜಾರಿ ತಗ್ಗಿಗೆ ಬಂದು ತಂಗುತ್ತದೆ. ಅದಕ್ಕೇ ಕೆರೆ ಏರಿಯ ಕೆಳಗಿನ ಗದ್ದೆಯಲ್ಲಿ ರಾಗಿ ಕಣ ಕಾಯುವವರಿಗೆ ಮೇಲಿನ ಹೊಲದಲ್ಲಿ ಮಲಗಿದವರಿಗಿಂತ ಹೆಚ್ಚು ಚಳಿ. ಡೇರೆ ಹಾಕುವಾಗ ನೀರು ಹತ್ತಿರ ಎಂದು ಹಳ್ಳದಲ್ಲಿ ಹಾಕಬೇಡಿ, ನೋಟ ಚೆನ್ನಾಗಿದೆ ಎಂದು ನೆತ್ತಿಯ ಮೇಲೂ ಬೇಡ. ತಗ್ಗಿನಲ್ಲಿ ಚಳಿ, ನೆತ್ತಿಯಲ್ಲಿ ಗಾಳಿ. ನಡುವೆ, ಬಂಡೆಯ ಮರೆಯಲ್ಲಿ, ಜಾಗ ಹುಡುಕಿ. ಟೇಕಲ್ ಬೆಟ್ಟದಲ್ಲೂ ಇದೇ ನಿಯಮ, ಹಿಮಾಲಯದಲ್ಲೂ ಇದೇ ನಿಯಮ.

ನಾಲ್ಕನೆಯದು ಇಬ್ಬನಿ. ಇಬ್ಬನಿ ಬಿದ್ದಷ್ಟೂ ಅವರೆಕಾಯಿಗೆ ಸೊಗಡು ಎಂದು ಸಂತೋಷಪಡುವ ಜನ ನಾವು. ಆದರೆ ಮುಳಬಾಗಿಲ ಕೋಟೆ ಬೆಟ್ಟದ ಹಾಸುಬಂಡೆಗೆ ಅದೇ ಇಬ್ಬನಿ ಬಿದ್ದರೆ, ಕಲ್ಲಿನ ಮೇಲಿನ ಒಣ ಪಾಚಿ ನೆನೆದು ಕಾಲು ನಿಲ್ಲುವುದಿಲ್ಲ. ಹಗಲು ಓಡಿಕೊಂಡು ಇಳಿದ ಬಂಡೆಯನ್ನು ಬೆಳಗಿನ ಜಾವ ಕೂತು ಜಾರಿಯೇ ಇಳಿಯಬೇಕು. 2022ರ ಫೆಬ್ರವರಿಯಲ್ಲಿ ನಂದಿ ಬೆಟ್ಟದ ಸಾಲಿನಲ್ಲಿ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬ ಜಾರಿ ಸುಮಾರು 300 ಅಡಿ ಕೆಳಗಿನ ಬಂಡೆಯ ಅಂಚಿನಲ್ಲಿ ಸಿಕ್ಕಿಬಿದ್ದದ್ದನ್ನು ಪತ್ರಿಕೆಯಲ್ಲಿ ಓದಿರುತ್ತೀರಿ. ವಾಯುಪಡೆಯ ಹೆಲಿಕಾಪ್ಟರ್ ಅದೇ ದಿನ ಬಂದು ಎತ್ತಿಕೊಂಡಿತು. ಮೊಬೈಲಿಗೆ ಸಿಗ್ನಲ್ ಇತ್ತು, ಯಲಹಂಕದ ವಾಯುನೆಲೆ ಹತ್ತಿರವಿತ್ತು, ಹವೆ ತಿಳಿಯಾಗಿತ್ತು. ಆ ಮೂರರಲ್ಲಿ ಒಂದೂ ನಿಮ್ಮ ಪಾಲಿಗೆ ಇರದ ಜಾಗಕ್ಕೆ ನೀವು ಹೊರಟಿದ್ದೀರಿ.

ಬಂಗಾಳಕೊಲ್ಲಿಯ ಕಡೆ ಒಂದು ಕಣ್ಣು

ನಮ್ಮದು ಬಯಲುಸೀಮೆ, ಮಳೆಯೇ ಕಾಣದ ಸೀಮೆ ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ಮುಳಬಾಗಿಲಿನಿಂದ ಚೆನ್ನೈ ಕಡಲತೀರ ಇನ್ನೂರೈವತ್ತು ಕಿಲೋಮೀಟರಿನೊಳಗೇ ಇದೆ. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹಿಂಗಾರಿನ ಕಾಲ. ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಒಂದೆರಡು ದಿನದಲ್ಲಿ ನಮ್ಮ ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತದೆ. 2022ರ ಡಿಸೆಂಬರ್ 9ರ ರಾತ್ರಿ ಮಾಂಡೌಸ್ ಚಂಡಮಾರುತ ಮಾಮಲ್ಲಪುರದ ಬಳಿ ದಡ ಮುಟ್ಟಿತು. 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿಯ ಬಳಿ ನೆಲಕ್ಕೆ ಬಂತು. ಎರಡು ಸಲವೂ ನಮ್ಮ ಕಡೆ ಬಿರುಗಾಳಿ ಬರಲಿಲ್ಲ, ಬಂದದ್ದು ಬಿಸಿಲಿಲ್ಲದ ಹಗಲು ಮತ್ತು ಬಿಡದ ಜಡಿ. ಕಣದಲ್ಲಿದ್ದ ರಾಗಿ ಏನಾಗುತ್ತದೋ ಎಂದು ನಿಮ್ಮ ಮನೆಗಳಲ್ಲಿ ಆತಂಕಪಟ್ಟದ್ದು ನಿಮಗೂ ನೆನಪಿರಬೇಕು.

ಬೆಟ್ಟಕ್ಕೆ ಹೋಗುವವನಿಗೆ ಒಣ ಚಳಿಗಿಂತ ಈ ಒದ್ದೆ ಚಳಿ ಕೆಟ್ಟದ್ದು. ಬೇಸಿಗೆಯಲ್ಲಿ ಮಣ್ಣಿನ ಹೂಜಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಇಟ್ಟರೆ ಒಳಗಿನ ನೀರು ತಣ್ಣಗಾಗುತ್ತದಲ್ಲ, ನೆನೆದ ಹತ್ತಿಯ ಅಂಗಿ ತೊಟ್ಟು ಗಾಳಿಯಲ್ಲಿ ನಿಂತವನ ಮೈಯೂ ಹಾಗೆಯೇ ತಣ್ಣಗಾಗುತ್ತದೆ. ನೀರು ನಿಂತ ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗವಾಗಿ ಮೈಯ ಕಾವನ್ನು ಸೆಳೆಯುತ್ತದೆ. ಅದಕ್ಕೇ ಹದಿನೈದು ಡಿಗ್ರಿಯ ಜಡಿಯಲ್ಲಿ ತೋಯ್ದು ನಿಂತವನು ಐದು ಡಿಗ್ರಿಯ ಒಣ ಬೆಳಗಿನಲ್ಲಿ ಸ್ವೆಟರ್ ತೊಟ್ಟು ನಿಂತವನಿಗಿಂತ ಹೆಚ್ಚು ನಡುಗುತ್ತಾನೆ.

ಇಲ್ಲಿ ನಿಮ್ಮ ತಂದೆತಾಯಂದಿರಿಂದ ಕಲಿಯುವುದು ಬಹಳವಿದೆ. ಶ್ರೀನಿವಾಸಪುರದ ಮಾವಿನ ಬೆಳೆಗಾರ ಡಿಸೆಂಬರ್, ಜನವರಿಯಲ್ಲಿ ಎದ್ದ ಕೂಡಲೇ ಮೊದಲು ನೋಡುವುದು ಆಕಾಶ. ಹೂ ಬಿಟ್ಟ ಮರಕ್ಕೆ ಮೋಡ, ಮಂಜು, ತೇವ ಒಟ್ಟಿಗೆ ಬಂದರೆ ಬೂದಿ ರೋಗ, ಜಿಗಿಹುಳು ಎರಡೂ ಕಾಡುತ್ತವೆ. ಅವತ್ತಿನ ಹವೆ ನೋಡಿ ಅವತ್ತಿನ ಔಷಧಿ ನಿರ್ಧಾರ. ರೇಷ್ಮೆ ಸಾಕುವ ಮನೆಯಲ್ಲಿ ಹುಳುವಿನ ಕೋಣೆಯ ಗೋಡೆಗೆ ಉಷ್ಣಮಾಪಕ ನೇತಾಡುತ್ತಿರುತ್ತದೆ. ಚಳಿ ಹೆಚ್ಚಾದರೆ ಕೋಣೆ ಬೆಚ್ಚಗೆ ಮಾಡಬೇಕು, ತೇವ ಹೆಚ್ಚಾದರೆ ಗಾಳಿಗೆ ತೆರೆಯಬೇಕು. ಬೆಳೆಗೆ, ಹುಳುವಿಗೆ ಹವೆ ನೋಡುವ ಮನೆಗಳಲ್ಲಿ ಹುಟ್ಟಿದವರು ನೀವು. ಆ ಕಣ್ಣನ್ನು ನಿಮ್ಮ ಮೈಗೂ ಬಳಸಿಕೊಳ್ಳಿ.

ಅಲ್ಲಿನ ಆಕಾಶ ಬೇರೆ

ಕೇದಾರಕಂಠದ ನೆತ್ತಿ ಸುಮಾರು 3,800 ಮೀಟರ್. ನಮ್ಮ ಶತಶೃಂಗದ ಮೂರು ಪಟ್ಟು. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲಿಗಿಂತಲೂ ಕಡಿಮೆ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ.

ನಮಗೆ ಚಳಿಗಾಲದ ಮಳೆ ಪೂರ್ವದಿಂದ ಬಂದರೆ ಅವರಿಗೆ ಪಶ್ಚಿಮದಿಂದ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಆಫ್ಘಾನಿಸ್ತಾನ ದಾಟಿ ಬರುವ ವಾಯುಭಾರದ ಅಲೆಗಳಿಗೆ ಹವಾಮಾನ ಇಲಾಖೆಯವರು ಪಶ್ಚಿಮದ ಪ್ರಕ್ಷುಬ್ಧತೆ ಎನ್ನುತ್ತಾರೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಿಮಾಲಯಕ್ಕೆ ಹಿಮ ಸುರಿಸುವುದು ಮುಖ್ಯವಾಗಿ ಇವೇ. ಇವು ಹೇಳದೆ ಕೇಳದೆ ಬರುವುದಿಲ್ಲ. ಹವಾಮಾನ ಇಲಾಖೆ ಕೆಲವು ದಿನ ಮುಂಚೆಯೇ ಹಳದಿ, ಕಿತ್ತಳೆ, ಕೆಂಪು ಎಂದು ಜಿಲ್ಲಾವಾರು ಎಚ್ಚರಿಕೆ ಕೊಡುತ್ತದೆ. ಆಕಾಶವೂ ಹೇಳುತ್ತದೆ. ಮೊದಲು ಬಹು ಎತ್ತರದಲ್ಲಿ ಎಳೆಎಳೆಯಾದ ಬಿಳಿ ಮೋಡ. ಆಮೇಲೆ ಸೂರ್ಯನಿಗೋ ಚಂದ್ರನಿಗೋ ಬಳೆ ಕಟ್ಟುವುದು. ಆಮೇಲೆ ಆಕಾಶವನ್ನೆಲ್ಲ ಮುಚ್ಚುವ ಬೂದು ಹೊದಿಕೆ. ಅದು ತಗ್ಗುತ್ತ ತಗ್ಗುತ್ತ ಶಿಖರಗಳನ್ನು ನುಂಗುವುದು. ಈ ಕ್ರಮ ಕಂಡಿತೆಂದರೆ ಮುಂದಿನ ದಿನ ಹಿಮ ಬೀಳುವ ಸಂಭವ ಹೆಚ್ಚು. 'ಇನ್ನೂ ಬಿಸಿಲಿದೆಯಲ್ಲ' ಎಂದು ಆಗ ಮೇಲಿನ ಶಿಬಿರಕ್ಕೆ ಹೊರಡಬೇಡಿ.

ಹಿಮ ನಿಂತು ಆಕಾಶ ನೀಲಿಯಾದ ಬೆಳಿಗ್ಗೆ ಎಲ್ಲರಿಗೂ ಉತ್ಸಾಹ. ಅಪಾಯ ಕಳೆಯಿತು ಎಂದು ಮನಸ್ಸು ಹೇಳುತ್ತದೆ. ಆದರೆ ಮೋಡ ಹೋದ ರಾತ್ರಿಯೇ ಕೊರೆಯುವ ಚಳಿ. ಹೊಸ ಹಿಮ ಹಳೆಯದರ ಮೇಲೆ ಇನ್ನೂ ಗಟ್ಟಿಯಾಗಿ ಕೂತಿರುವುದಿಲ್ಲ. ಅದು ಬಿದ್ದ ಮೊದಲ ಒಂದೆರಡು ದಿನ ಹಿಮಕುಸಿತದ ಭಯ ಬಹಳ. ಮೂವತ್ತರಿಂದ ನಲವತ್ತೈದು ಡಿಗ್ರಿ ಓರೆ ಇರುವ ಇಳಿಜಾರುಗಳಲ್ಲೇ ಹೆಚ್ಚಿನ ಕುಸಿತಗಳು ಆಗುವುದು. ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯ ಹಿಮ ವಿಭಾಗ ಹಿಮಕುಸಿತದ ಎಚ್ಚರಿಕೆಗಳನ್ನು ಕೊಡುತ್ತದೆ. ಅದನ್ನು ನೋಡಿದಿರಾ ಎಂದು ನಿಮ್ಮ ಗೈಡನ್ನು ಕೇಳಿ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿದವರು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಬೋಧಕರು ಮತ್ತು ತರಬೇತಿಯಲ್ಲಿದ್ದ ಯುವಕರು. ಬೆಟ್ಟದ ವಿದ್ಯೆ ಕಲಿಸುವವರನ್ನೇ ಬೆಟ್ಟ ಬಿಡಲಿಲ್ಲ ಎಂದಮೇಲೆ ನಾವು ಎಷ್ಟರವರು?

ಸಹಸ್ರತಾಲ್ ಹೇಳುವ ಪಾಠ

2024ರ ಮೇ 29ರಂದು ಉತ್ತರಕಾಶಿ ಕಡೆಯಿಂದ 22 ಮಂದಿಯ ತಂಡವೊಂದು ಸಹಸ್ರತಾಲ್ ಸರೋವರದ ಚಾರಣಕ್ಕೆ ಹೊರಟಿತು. ಹೆಚ್ಚಿನವರು ನಮ್ಮ ಕರ್ನಾಟಕದವರು, ಜೊತೆಗೆ ಸ್ಥಳೀಯ ಮಾರ್ಗದರ್ಶಕರು. ಹಲವರಿಗೆ ಹಿಮಾಲಯ ಹೊಸತೇನೂ ಆಗಿರಲಿಲ್ಲ. ಜೂನ್ ಮೊದಲ ವಾರ ನಾಲ್ಕು ಸಾವಿರ ಮೀಟರಿಗೂ ಎತ್ತರದ ಆ ಸರೋವರದ ಕಡೆಯಿಂದ ಶಿಬಿರಕ್ಕೆ ಮರಳುವಾಗ ಹವೆ ಕೆಟ್ಟಿತು. ಗಾಳಿ, ಹಿಮ, ಏನೂ ಕಾಣದ ಬಿಳುಪು. ಬಯಲಿನಲ್ಲೇ ರಾತ್ರಿ ಕಳೆಯಬೇಕಾಯಿತು. ಅಲ್ಲಿ ಮೊಬೈಲ್ ಸಂಪರ್ಕವಿಲ್ಲ. ಯಾರಾದರೂ ನಡೆದು ಇಳಿದು ಬಂದೇ ಸುದ್ದಿ ಮುಟ್ಟಿಸಬೇಕು. ವಾಯುಪಡೆಯ ಹೆಲಿಕಾಪ್ಟರ್‌ಗಳೂ ರಾಜ್ಯ ವಿಪತ್ತು ಪಡೆಯೂ ತಲುಪುವ ಹೊತ್ತಿಗೆ ಒಂಬತ್ತು ಜೀವ ಹೋಗಿದ್ದವು. ಹದಿಮೂರು ಮಂದಿ ಉಳಿದರು. ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ಉಳಿದವರನ್ನೂ ಅಗಲಿದವರನ್ನೂ ಊರಿಗೆ ಕರೆತರುವ ಕೆಲಸ ನೋಡಿಕೊಂಡರು.

ಯಾರದು ತಪ್ಪು ಎಂದು ಇಲ್ಲಿ ಕೂತು ತೀರ್ಪು ಕೊಡುವ ಹಕ್ಕು ನನಗಿಲ್ಲ, ನಿಮಗೂ ಇಲ್ಲ. ಅವರು ನಮ್ಮ ಹಾಗೆಯೇ ಬೆಟ್ಟವನ್ನು ಪ್ರೀತಿಸಿದವರು. ಎರಡು ವಿಷಯವನ್ನು ಮಾತ್ರ ನೆನಪಿಡಿ. ಅದು ಜೂನ್ ತಿಂಗಳು. ಬೆಂಗಳೂರಿನಲ್ಲಿ ಮುಂಗಾರು ಶುರುವಾಗುವ ಕಾಲ. ಬೇಸಿಗೆಯ ಬೆಟ್ಟವೇ ಒಂದು ಮಧ್ಯಾಹ್ನದಲ್ಲಿ ಹಾಗೆ ತಿರುಗಿಬಿದ್ದರೆ ಡಿಸೆಂಬರಿನದನ್ನು ಏನೆನ್ನಬೇಕು? ಮತ್ತೊಂದು, ಕೊಂದದ್ದು ಕೇವಲ ಎತ್ತರವಾಗಲಿ ಕೇವಲ ಚಳಿಯಾಗಲಿ ಅಲ್ಲ. ಗಾಳಿ, ಹಿಮ, ಆಯಾಸ, ದಾರಿ ಕಾಣದಿರುವುದು, ಕತ್ತಲು ಇವೆಲ್ಲ ಒಂದೇ ಹೊತ್ತಿನಲ್ಲಿ ಸೇರಿಕೊಂಡವು. ಬಿಡಿಬಿಡಿಯಾಗಿ ಬಂದರೆ ಇವೆಲ್ಲವನ್ನೂ ತಡೆದುಕೊಳ್ಳಬಹುದು. ಕೂಡಿ ಬರಲು ಬಿಡಬಾರದು.

ಗಾಳಿಯ ಲೆಕ್ಕವನ್ನು ಒಮ್ಮೆ ನೋಡಿ. ಐದು ಡಿಗ್ರಿ ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಅದು ಸೊನ್ನೆ ಡಿಗ್ರಿಯಂತೆ. ಸೊನ್ನೆ ಡಿಗ್ರಿಗೆ 40 ಕಿಲೋಮೀಟರ್ ಗಾಳಿ ಸೇರಿದರೆ ಮೈನಸ್ ಏಳು. ಮೈನಸ್ ಐದಕ್ಕೆ ಅದೇ ಗಾಳಿ ಸೇರಿದರೆ ಮೈನಸ್ ಹದಿನಾಲ್ಕು. ಇದು ಒಣಗಿದ ಮೈಯ ಲೆಕ್ಕ. ಒದ್ದೆಯಾಗಿದ್ದರೆ ಪಾಡು ಇನ್ನೂ ಕೆಟ್ಟದ್ದು.

ಹಿಂತಿರುಗುವ ಗಂಟೆ

ಆದ್ದರಿಂದ ಮೊದಲ ನಿಯಮ: ಹಿಂತಿರುಗುವ ಗಂಟೆಯನ್ನು ಬೆಟ್ಟದ ಮೇಲೆ ನಿಂತು ನಿರ್ಧರಿಸಬೇಡಿ. ಹಿಂದಿನ ರಾತ್ರಿ, ಹೊಟ್ಟೆ ತುಂಬಿರುವಾಗ, ಮೈ ಬೆಚ್ಚಗಿರುವಾಗ, ಎಲ್ಲರೂ ಕೂತು ನಿರ್ಧರಿಸಿ. 'ನಾಳೆ ಇಷ್ಟು ಗಂಟೆಗೆ ಎಲ್ಲೇ ಇರಲಿ, ತಿರುಗುತ್ತೇವೆ.' ಡಿಸೆಂಬರಿನಲ್ಲಿ ಅಲ್ಲಿ ಐದೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಕಣಿವೆಗೆ ನೆರಳು ಅದಕ್ಕೂ ಮುಂಚೆಯೇ ಬೀಳುತ್ತದೆ, ನೆರಳು ಬಿದ್ದ ಕೂಡಲೇ ಕರಗಿದ ಹಿಮ ಗಾಜಾಗುತ್ತದೆ. ಶಿಖರ ಇನ್ನೂರು ಹೆಜ್ಜೆ ಇದ್ದರೂ ಗಂಟೆ ಬಂದರೆ ಬಂತು. ಆಯಾಸವಾದ, ಆಮ್ಲಜನಕ ಸಾಲದ ತಲೆ ಅಲ್ಲಿ ಮಾಡುವ ತರ್ಕ ಯಾವಾಗಲೂ 'ಇನ್ನು ಸ್ವಲ್ಪ' ಎನ್ನುವ ಕಡೆಗೇ ಹೋಗುತ್ತದೆ.

ದುಡ್ಡು ಕಟ್ಟಿದ್ದೇವೆ, ರಜೆ ಮತ್ತೆ ಸಿಗುವುದಿಲ್ಲ, ಇಷ್ಟು ದೂರ ಬಂದಿದ್ದೇವೆ ಎನ್ನುವ ಮೂರು ಮಾತು ಗುಂಪಿನಲ್ಲಿ ಬಂದೇ ಬರುತ್ತವೆ. ಆ ಮೂರೂ ನಿಜ. ಆದರೆ ಅವುಗಳಲ್ಲಿ ಒಂದೂ ಹವೆಯ ಬಗ್ಗೆ ಅಲ್ಲ. ತಿರುಗುವುದೋ ಹೋಗುವುದೋ ಎಂಬ ಚರ್ಚೆಯಲ್ಲಿ ಹವೆ, ಗಂಟೆ, ಗುಂಪಿನ ಆರೋಗ್ಯ ಈ ಮೂರನ್ನು ಬಿಟ್ಟು ಬೇರೆ ಮಾತು ಬಂದರೆ ಅದನ್ನು ಪಕ್ಕಕ್ಕಿಡಿ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ವೇಗವೇ ಗುಂಪಿನ ವೇಗ. 'ನೀನು ಇಲ್ಲೇ ಕೂತಿರು, ನಾವು ಹೋಗಿ ಬರುತ್ತೇವೆ' ಎಂದು ಒಬ್ಬರನ್ನೇ ಹಿಮದಲ್ಲಿ ಬಿಟ್ಟು ಹೋಗುವುದು ಕೂಡದು. 'ನನಗೆ ಆಗುತ್ತಿಲ್ಲ' ಎಂದವರನ್ನು ಗೇಲಿ ಮಾಡುವ ಗುಂಪಿನಲ್ಲಿ ಯಾರೂ ಆ ಮಾತನ್ನು ಸಮಯಕ್ಕೆ ಹೇಳುವುದಿಲ್ಲ. ಅಲ್ಲಿಂದಲೇ ಅನಾಹುತ ಶುರು.

ಮೈ ಕಾಯುವುದು

ಬಟ್ಟೆಯ ವಿಚಾರಕ್ಕೆ ಬರೋಣ. ಜೀನ್ಸ್, ಹತ್ತಿಯ ಬನಿಯನ್ನು ಊರಿಗೆ ಸರಿ, ಹಿಮಕ್ಕೆ ಬೇಡ. ನೆನೆದರೆ ಒಣಗುವುದೇ ಇಲ್ಲ. ಮೈಗೆ ಅಂಟಿಕೊಂಡು ಬೆವರು ಹೀರಿ ಹೊರಗೆ ಬಿಡುವ ಬಟ್ಟೆ, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕೂ ಹೊರಗೆ ಗಾಳಿ, ನೀರು ತಡೆಯುವ ಜರ್ಕಿನ್. ನಮ್ಮ ಕುರಿ ಕಾಯುವವರು ಮಳೆಯಲ್ಲೂ ಕಂಬಳಿ ಹೊದೆಯುವುದು ಸುಮ್ಮನೆ ಅಲ್ಲ. ಉಣ್ಣೆ ನೆನೆದರೂ ಸ್ವಲ್ಪವಾದರೂ ಬೆಚ್ಚಗಿಡುತ್ತದೆ. ಹತ್ತುವಾಗ ಬೆವರಿಳಿಯುವ ಹಾಗೆ ನಡೆಯಬೇಡಿ. ಸೆಕೆಯಾದ ಕೂಡಲೇ ಒಂದು ಪದರ ತೆಗೆಯಿರಿ, ನಿಂತ ಕೂಡಲೇ ತೊಡಿ. ಒಂದು ಜೊತೆ ಒಣ ಬಟ್ಟೆ, ಕಾಲುಚೀಲ, ಟೋಪಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿ ಬ್ಯಾಗಿನ ತಳದಲ್ಲಿಡಿ. ಅದು ರಾತ್ರಿ ಮಲಗುವುದಕ್ಕೆ ಮಾತ್ರ. ಬೆಳಿಗ್ಗೆ ಎಷ್ಟೇ ಆಸೆಯಾದರೂ ಅದನ್ನು ತೊಟ್ಟು ನಡೆಯಬೇಡಿ. ಒದ್ದೆಯದನ್ನೇ ತೊಟ್ಟು ಹೊರಡಿ, ನಡೆಯುತ್ತ ಬೆಚ್ಚಗಾಗುತ್ತದೆ. ಮೊಬೈಲು, ಪವರ್ ಬ್ಯಾಂಕುಗಳನ್ನು ರಾತ್ರಿ ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ.

ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ಕುಡಿಯಲೇಬೇಕು. ಹಸಿವು ಕಾಣದಿದ್ದರೂ ಜೇಬಿನಲ್ಲಿ ಕಡಲೆಕಾಯಿ ಚಿಕ್ಕಿ, ಬೆಲ್ಲ, ಹುರಿಹಿಟ್ಟಿನ ಉಂಡೆ ಇರಲಿ. ನಡೆಯುತ್ತಲೇ ಸ್ವಲ್ಪ ಸ್ವಲ್ಪ ತಿನ್ನಿ.

ಮೈಯ ಒಳಗಿನ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಆಗ ಥರ್ಮಾಮೀಟರು ಹುಡುಕುತ್ತ ಕೂರಬೇಡಿ, ಪಕ್ಕದವರ ಮುಖ ನೋಡಿ. ಮೊದಲು ನಡುಕ. ಆಮೇಲೆ ಜಿಪ್ ಹಾಕಲು ಬೆರಳು ಬಾರದು, ಮಾತು ತೊದಲುತ್ತದೆ, ಸಮತಟ್ಟು ಜಾಗದಲ್ಲೂ ಮುಗ್ಗರಿಸುತ್ತಾರೆ, ಯಾರೊಂದಿಗೂ ಮಾತಾಡದೆ ಹಿಂದೆ ಬೀಳುತ್ತಾರೆ, ಕೇಳಿದರೆ 'ನನಗೇನೂ ಆಗಿಲ್ಲ' ಎನ್ನುತ್ತಾರೆ. ಆ ಮಾತನ್ನು ನಂಬಬೇಡಿ. ಮೈ ಬೆಚ್ಚಗಾಗದೆಯೇ ನಡುಕ ನಿಂತುಹೋಯಿತೆಂದರೆ ಸುಧಾರಿಸಿತು ಎಂದು ತಿಳಿಯಬೇಡಿ. ಸ್ಥಿತಿ ಕೈ ಮೀರುತ್ತಿದೆ ಎಂದರ್ಥ. ಗಾಳಿಯ ಮರೆಗೆ ಒಯ್ಯಿರಿ. ಒದ್ದೆ ಬಟ್ಟೆ ತೆಗೆದು ಒಣಗಿದ್ದನ್ನು ತೊಡಿಸಿ. ನೆಲದ ತಂಪು ತಾಗದಂತೆ ಕೆಳಗೆ ಮ್ಯಾಟ್, ಬ್ಯಾಗು ಏನಾದರೂ ಹಾಸಿ. ತಲೆ ಮುಚ್ಚಿ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ, ಕಂಕುಳಿಗೆ ಇಡಿ. ಪೂರ್ತಿ ಎಚ್ಚರವಿದ್ದು ನುಂಗಲು ಬಂದರೆ ಮಾತ್ರ ಬಿಸಿಯಾದ ಸಿಹಿ ಪಾನೀಯ ಕೊಡಿ. ಕೈಕಾಲು ಉಜ್ಜಬೇಡಿ. ಬೆರಳು ಬಿಳುಚಿ ಮರಗಟ್ಟಿದ್ದರೂ ಉಜ್ಜಬಾರದು, ಹಿಮದಿಂದಂತೂ ಖಂಡಿತ ಬೇಡ.

ಎತ್ತರದ ಕಾಯಿಲೆ ಇನ್ನೊಂದು. ಸುಮಾರು 2,500 ಮೀಟರಿನ ಮೇಲೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿ, ಕಡಿಮೆಯಾಗುವವರೆಗೆ ಮೇಲೆ ಹೋಗಬೇಡಿ. ಕೂತಲ್ಲೇ ಏದುಸಿರು ಬಂದರೆ, ಕುಡಿದವರ ಹಾಗೆ ತೂರಾಡಿದರೆ, ಮಾತು ಅಡ್ಡಾದಿಡ್ಡಿಯಾದರೆ ರಾತ್ರಿಯಾದರೂ ಸರಿ, ಜೊತೆಗೆ ಜನ ಕೊಟ್ಟು ಕೆಳಗಿಳಿಸಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎನ್ನುತ್ತಾರೆ ವೈದ್ಯರು. ದುಡ್ಡು ಕಟ್ಟುವ ಮುಂಚೆ ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿಸುತ್ತೀರಿ ಎಂದು ಏಜೆನ್ಸಿಯವರನ್ನು ಕೇಳಿ. ಹವೆ ಕೆಟ್ಟರೆ ಕಾಯಲು ಒಂದು ದಿನ ಹೆಚ್ಚುವರಿ ಇಟ್ಟಿದ್ದೀರಾ, ಆಮ್ಲಜನಕದ ಸಿಲಿಂಡರ್ ಇದೆಯಾ, ಸಿಗ್ನಲ್ ಇಲ್ಲದ ಕಡೆ ಸುದ್ದಿ ಮುಟ್ಟಿಸುವುದು ಹೇಗೆ ಎಂದು ಕೇಳಿ. ಸರಿಯಾದ ಉತ್ತರ ಕೊಡದೆ ಡಿಸ್ಕೌಂಟಿನ ಮಾತು ಆಡುವವರ ಜೊತೆ ಹೋಗಬೇಡಿ. ಆಸ್ತಮಾ, ಬಿಪಿ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕಂಡೇ ಹೊರಡಿ.

ಬೆಂಕಿ ಮತ್ತು ಬಾಟಲಿ

ಈ ಮಾತು ಕಹಿ ಎನಿಸಬಹುದು, ಆದರೂ ಹೇಳುತ್ತೇನೆ. ಶನಿವಾರ ರಾತ್ರಿ ನಮ್ಮ ಬೆಟ್ಟಗಳ ಮೇಲೆ ಬೆಂಕಿ ಹಾಕಿ ಕುಡಿದು ಕೂಗಾಡಿದ ಗುರುತು ಬೆಳಿಗ್ಗೆ ಒಡೆದ ಬಾಟಲಿಗಳಲ್ಲಿ ಕಾಣುತ್ತದೆ. ಮದ್ಯ ಬೆಚ್ಚಗಿಡುತ್ತದೆ ಎನ್ನುವುದು ಸುಳ್ಳು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಕಾವನ್ನು ಹೊರಗೆ ತಂದು ಗಾಳಿಗೆ ಕೊಡುತ್ತದೆ; ಮುಖ ಬಿಸಿ, ಒಡಲು ತಣ್ಣಗೆ. ಹಿಂಗಾರು ಮುಗಿದ ಮೇಲೆ ಬೆಟ್ಟದ ಹುಲ್ಲು, ಲಂಟಾನ ಒಣಗಿ ನಿಂತಿರುತ್ತದೆ; ಚಳಿ ಕಾಯಿಸಲು ಹಾಕಿದ ಬೆಂಕಿಯ ಒಂದು ಕಿಡಿ ಸಾಕು, ಇಳಿಜಾರೇ ಉರಿಯುತ್ತದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಹತ್ತಬೇಡಿ. ಇನ್ನೊಂದು ಎಚ್ಚರ: ಡೇರೆಯೊಳಗೆ, ಮುಚ್ಚಿದ ಕೋಣೆಯೊಳಗೆ ಇದ್ದಿಲ ಒಲೆ ಇಟ್ಟುಕೊಂಡು ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ.

ಈ ತಿಂಗಳು ಮಾಡಬೇಕಾದದ್ದು

ಹೊರಡಲು ಇನ್ನೂ ಸಮಯವಿದೆ. ಕೊಂಡ ಶೂಸನ್ನು ಅಲ್ಲಿಗೆ ಹೋಗಿ ಮೊದಲ ಸಲ ಹಾಕಬೇಡಿ; ಅದನ್ನೇ ತೊಟ್ಟು, ತುಂಬಿದ ಬ್ಯಾಗು ಹೊತ್ತು, ವಾರಕ್ಕೊಂದು ಬೆಟ್ಟ ಹತ್ತಿ. ಒಂದು ವಾರ ಆವಣಿ, ಒಂದು ವಾರ ಅಂತರಗಂಗೆ, ಒಂದು ವಾರ ರಾಯಲ್ಪಾಡು ದಾಟಿ ಮದನಪಲ್ಲಿ ಕಡೆಯ ಹಾರ್ಸ್ಲಿ ಹಿಲ್ಸ್. ಜಡಿ ಹಿಡಿದ ದಿನ ಬಂದರೆ ಮನೆಯಲ್ಲಿ ಕೂರಬೇಡಿ. ಅನುಮತಿ ಇರುವ ಮೆಟ್ಟಿಲು ದಾರಿಯಲ್ಲೇ ಹತ್ತಿ, ನಿಮ್ಮ ಜರ್ಕಿನ್ ನಿಜಕ್ಕೂ ನೀರು ತಡೆಯುತ್ತದೆಯೇ ಎಂದು ನೋಡಿ. ಅದು ಸೋರುವುದು ತಿಳಿಯಬೇಕಾದದ್ದು ಇಲ್ಲಿ. ಒದ್ದೆ ಕೈಯಲ್ಲಿ ಬ್ಯಾಗಿನ ಜಿಪ್ ತೆಗೆದು ಒಣ ಟೋಪಿ ಹುಡುಕಲು ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದೂ ಇಲ್ಲೇ ತಿಳಿಯಲಿ. ಪ್ರತಿ ಬೆಳಿಗ್ಗೆ ಆಕಾಶ ನೋಡಿ ಇವತ್ತಿನ ಹವೆ ಹೀಗಿರುತ್ತದೆ ಎಂದು ಬರೆದಿಡಿ, ಸಂಜೆ ಹವಾಮಾನ ಇಲಾಖೆಯ ಮುನ್ಸೂಚನೆಯ ಜೊತೆ ತಾಳೆ ಹಾಕಿ. ಮುಂದೆ ಈ ಹಾದಿಯಲ್ಲೇ ಹೋಗುವ ಮನಸ್ಸಿರುವವರು ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲಿ ಕ್ರಮವಾಗಿ ತರಬೇತಿ ಪಡೆಯಿರಿ. ವೀಡಿಯೊ ನೋಡಿ ಕಲಿಯುವ ವಿದ್ಯೆ ಇದಲ್ಲ.

ಕೊನೆಯದಾಗಿ ಒಂದು ಹಾಳೆ ತೆಗೆದುಕೊಳ್ಳಿ. ಯಾವ ದಿನ ಎಲ್ಲಿ ತಂಗುತ್ತೀರಿ, ಗೈಡಿನ ಹೆಸರು, ಏಜೆನ್ಸಿಯ ನಂಬರು, ಜೊತೆಯಲ್ಲಿರುವವರ ಮನೆಯ ನಂಬರುಗಳು, ಸಿಗ್ನಲ್ ಇರುವ ಊರಿಗೆ ಮರಳಿ ಫೋನು ಮಾಡುವ ದಿನ, ಎಲ್ಲ ಬರೆಯಿರಿ. ಆ ದಿನದ ರಾತ್ರಿಯೊಳಗೆ ಫೋನು ಬರದಿದ್ದರೆ 112ಕ್ಕೆ ಹೇಳಿ, ಅಲ್ಲಿನ ಉತ್ತರಕಾಶಿ ಜಿಲ್ಲಾಡಳಿತಕ್ಕೆ ಸುದ್ದಿ ಮುಟ್ಟಿಸಿ ಎಂದು ಕೆಳಗೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಮೊಬೈಲಿನಲ್ಲಿ ಕಳಿಸಿದರೆ ಸಾಲದು. ಅಮ್ಮನಿಗೋ ಅಪ್ಪನಿಗೋ ಕೈಗೆ ಕೊಟ್ಟು, ಎದುರು ಕೂತು ಓದಿ ಹೇಳಿ. ಅದನ್ನು ಓದಿ ಹೇಳುವಾಗ ನಿಮ್ಮ ಯೋಜನೆಯಲ್ಲಿ ಎಲ್ಲಿ ತೂತಿದೆ ಎಂಬುದು ನಿಮಗೇ ಗೊತ್ತಾಗುತ್ತದೆ. ಆ ತೂತು ಮುಚ್ಚಿದ ಮೇಲೆ ಬ್ಯಾಗು ಕಟ್ಟಿ.